"ಪುಟ್ ಆನ್" ಯಾವಾಗ, "ವೇರ್" ಯಾವಾಗ?

ಬಟ್ಟೆ ವಿಷ್ಯ ಬಂದ್ರೆ ನಮ್ಮಲ್ಲಿ ತುಂಬಾ ಜನ ಎಲ್ಲಾದಕ್ಕೂ "ವೇರ್" ಅಂದ್ಬಿಡ್ತಾರೆ, ಆದ್ರೆ ಇಂಗ್ಲಿಷಲ್ಲಿ ಹಾಕ್ಕೊಳ್ಳೋ ಕೆಲ್ಸಕ್ಕೆ "ಪುಟ್ ಆನ್", ಹಾಕ್ಕೊಂಡು ಇರೋದಕ್ಕೆ "ವೇರ್". ಇದು ನಮಗೆ ಕಷ್ಟ ಆಗ್ಬಾರ್ದು, ಯಾಕಂದ್ರೆ ಕನ್ನಡದಲ್ಲೇ ಈ ವ್ಯತ್ಯಾಸ ಇದೆ. "ಶರ್ಟ್ ಹಾಕ್ಕೊಳ್ತಾ ಇದಾನೆ" ಅಂದ್ರೆ ಇನ್ನೂ ತೋಳು ತೂರಿಸ್ತಾ, ಗುಂಡಿ ಹಾಕ್ತಾ ಇದಾನೆ, ಅದು "ಹಿ ಈಸ್ ಪುಟ್ಟಿಂಗ್ ಆನ್ ಎ ಶರ್ಟ್". "ಹಾಕ್ಕೊಂಡಿದಾನೆ" ಅಂದ್ರೆ ಆಗ್ಲೇ ಮೈಮೇಲಿದೆ, ಅದು "ಹಿ ಈಸ್ ವೇರಿಂಗ್ ಎ ಶರ್ಟ್".

ಇಲ್ಲೇ ಜಾಸ್ತಿ ಜನ ಎಡವೋದು. "ಹಾಕ್ಕೊಂಡಿದಾನೆ" ಅನ್ನೋದನ್ನ ಹಾಗೇ ತಿರುಗಿಸಿ "ಹಿ ಹ್ಯಾಸ್ ವೋರ್ನ್ ಎ ಬ್ಲೂ ಶರ್ಟ್" ಅಂತಾರೆ, ಆಫೀಸಲ್ಲೂ ಕೇಳ್ತೀವಿ. ಈಗ ಮೈಮೇಲೆ ಇರೋ ಬಟ್ಟೆ ಬಗ್ಗೆ ಹೇಳ್ತಿದ್ರೆ "ಈಸ್ ವೇರಿಂಗ್" ಅಂತಾನೇ ಹೇಳಿ. ಕೆಳಗಡೆ ಫ್ರೆಂಡ್ ಕಾಯ್ತಿದಾನೆ, ನೀವು ಇನ್ನೂ ಲೇಸ್ ಕಟ್ತಾ ಇದೀರಾ, ಆಗ "ಐ ಆಮ್ ಪುಟ್ಟಿಂಗ್ ಆನ್ ಮೈ ಶೂಸ್" ಅನ್ನಿ.

ನಮ್ಮಲ್ಲಿ ಸೀರೆ ಉಡ್ತೀವಿ, ಬಳೆ ತೊಡ್ತೀವಿ, ಕನ್ನಡಕ ಹಾಕ್ಕೋತೀವಿ, ಕುಂಕುಮ ಇಟ್ಕೋತೀವಿ, ಒಂದೊಂದಕ್ಕೆ ಒಂದೊಂದು ಮಾತು (ಅದೇ ಕನ್ನಡದ ಚೆಂದ ನೋಡಿ). ಇಂಗ್ಲಿಷಲ್ಲಿ ಈ ಎಲ್ಲಾದಕ್ಕೂ "ಪುಟ್ ಆನ್" ನಡಿಯತ್ತೆ, ಲಿಪ್‌ಸ್ಟಿಕ್ಕು ಸೆಂಟಿಗೂ ಸಹ.

ಜಾಗದ ವಿಷ್ಯ ಸ್ವಲ್ಪ ಗಮನ ಕೊಡಿ. ವಸ್ತು ಹೆಸರು ಹೇಳಿದ್ರೆ "ಪುಟ್ ಆನ್ ಯುವರ್ ಸ್ವೆಟರ್", "ಪುಟ್ ಯುವರ್ ಸ್ವೆಟರ್ ಆನ್" ಎರಡೂ ಸರಿ. ಆದ್ರೆ "ಇಟ್", "ದೆಮ್" ಬಂದ್ರೆ ಅದು ಮಧ್ಯದಲ್ಲೇ ಕೂರ್ಬೇಕು: "ಪುಟ್ ಇಟ್ ಆನ್". "ಪುಟ್ ಆನ್ ಇಟ್" ಅಂದ್ರೆ ತಪ್ಪು.

ಬಿಚ್ಚೋದಕ್ಕೆ "ಟೇಕ್ ಆಫ್", ಇದಕ್ಕೂ ಅದೇ ರೂಲು, "ಟೇಕ್ ದೆಮ್ ಆಫ್". "ರಿಮೂವ್ ಯುವರ್ ಶೂಸ್" ತಪ್ಪೇನಲ್ಲ, ಬೋರ್ಡಲ್ಲಿ ಬರೆಯೋ ತರ ಇರತ್ತೆ ಅಷ್ಟೇ, ಮನೆಗೆ ಬಂದವ್ರಿಗೆ ಹೇಳೋಕೆ "ಟೇಕ್ ಆಫ್" ವಾಸಿ. ಅಂಗಡೀಲಿ ಅಳತೆ ಆಗತ್ತಾ ನೋಡೋಕೆ "ಕ್ಯಾನ್ ಐ ಟ್ರೈ ದಿಸ್ ಆನ್?" ಅಂತ ಕೇಳಿ, ಮತ್ತೆ ಇಂಗ್ಲೆಂಡು ಅಮೆರಿಕಾ ಕಡೆ ಹೋದ್ರೆ ಟ್ರಯಲ್ ರೂಮ್ ಅನ್ನೋ ಬದ್ಲು ಫಿಟ್ಟಿಂಗ್ ರೂಮ್ ಎಲ್ಲಿದೆ ಅಂತ ಕೇಳಿದ್ರೆ ತಕ್ಷಣ ತೋರಿಸ್ತಾರೆ.