ಜೆ-1 ವೀಸಾದ ಸಂಶೋಧಕರು ಅಮೆರಿಕದಲ್ಲಿ ತೆರಿಗೆ ನಿವಾಸಿಯೇ, ಅನಿವಾಸಿಯೇ? ಲೆಕ್ಕ ಹಾಕುವ ಬಗೆ

ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಿಂದಲೋ ಚಳ್ಳಕೆರೆ ಬಳಿಯ ಕುದಾಪುರದ ಐಐಎಸ್‌ಸಿ ಆವರಣದಿಂದಲೋ ಜೆ-1 ಎಂಬ ವಿನಿಮಯ ಭೇಟಿಯ ವೀಸಾದಲ್ಲಿ ಸಂದರ್ಶಕ ಸಂಶೋಧಕರಾಗಿ ಅಮೆರಿಕಕ್ಕೆ ಹೊರಟವರು ವೀಸಾ, ಬಾಡಿಗೆ ಮನೆಗಳ ಓಡಾಟದಲ್ಲಿ ತೆರಿಗೆಯ ವಿಚಾರವನ್ನು ಮುಂದಿನ ವರ್ಷ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುವುದುಂಟು. ಆದರೆ ಅಲ್ಲಿಗೆ ತಲುಪುವ ದಿನಾಂಕವೇ ಲೆಕ್ಕವನ್ನು ಬದಲಿಸಬಲ್ಲದಾದ್ದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನವೇ ಇದನ್ನು ನೋಡಿಕೊಳ್ಳುವುದು ಲೇಸು. ಅಲ್ಲಿನ ತೆರಿಗೆ ವರ್ಷ ಜನವರಿ 1ರಿಂದ ಡಿಸೆಂಬರ್ 31ರವರೆಗೆ. ಇಲ್ಲಿನ ಆಡಿಟರ್ ಹೇಳುವ ಏಪ್ರಿಲ್–ಮಾರ್ಚ್ ಅವಧಿಯ 182 ದಿನಗಳ ನಿಯಮ ಭಾರತದ ತೆರಿಗೆಗೆ ಮಾತ್ರ ಸಂಬಂಧಿಸಿದ್ದು.

ಅನಿವಾಸಿಯಾದವರು ಮುಖ್ಯವಾಗಿ ಅಮೆರಿಕದಲ್ಲಿ ಹುಟ್ಟಿದ ಆದಾಯಕ್ಕೆ ತೆರಿಗೆ ಕಟ್ಟಿದರೆ, ನಿವಾಸಿಯಾದವರು ಜಗತ್ತಿನ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ದಾವಣಗೆರೆಯ ಮನೆ ಬಾಡಿಗೆ, ಬ್ಯಾಂಕ್ ಠೇವಣಿಯ ಬಡ್ಡಿ ಮಾತ್ರವಲ್ಲ, ಭಾರತದಲ್ಲಿ ಕೃಷಿ ಆದಾಯವೆಂದು ವಿನಾಯಿತಿ ಇರುವ ಚನ್ನಗಿರಿಯ ಅಡಿಕೆ ತೋಟದ ಗಳಿಕೆಯೂ ಅದರಲ್ಲಿ ಸೇರುತ್ತದೆ.

ಯಾರು ನಿವಾಸಿ, ಯಾರು ಅನಿವಾಸಿ ಎಂಬುದನ್ನು ಅಲ್ಲಿದ್ದ ದಿನಗಳ ಎಣಿಕೆ ತೀರ್ಮಾನಿಸುತ್ತದೆ; ಆದರೆ ಕೆಲವು ವರ್ಷಗಳ ದಿನಗಳಿಗೆ ಎಣಿಕೆಯಿಂದ ವಿನಾಯಿತಿಯಿದೆ. ಮೊದಲು ಜೆ-1 ವೀಸಾಕ್ಕಾಗಿ ಕೊಡುವ ಡಿಎಸ್-2019 ಪತ್ರವನ್ನು ತೆಗೆದು, ನಿಮ್ಮನ್ನು ಯಾವ ವರ್ಗದಲ್ಲಿ ಕರೆಸಿಕೊಂಡಿದ್ದಾರೆಂದು ನೋಡಿ. ವಿದ್ಯಾರ್ಥಿಗಳ ನಿಯಮ ಬೇರೆ, ಸಂಶೋಧಕರು ಮತ್ತು ಬೋಧಕರದ್ದು ಬೇರೆ. ನಂತರ ಹಳೆಯ ಪಾಸ್‌ಪೋರ್ಟ್‌ಗಳನ್ನೂ ಹರಡಿಕೊಂಡು, ಹಿಂದಿನ ಆರು ಕ್ಯಾಲೆಂಡರ್ ವರ್ಷಗಳಲ್ಲಿ ಎಫ್ (ವಿದ್ಯಾರ್ಥಿ) ಅಥವಾ ಜೆ ವೀಸಾದಲ್ಲಿ ಅಲ್ಲಿದ್ದ ವರ್ಷಗಳನ್ನು ಗುರುತಿಸಿ. ಅಂಥ ವರ್ಷಗಳು ಎರಡಕ್ಕಿಂತ ಕಡಿಮೆ ಇದ್ದರೆ ಈ ವರ್ಷದ ನಿಮ್ಮ ದಿನಗಳನ್ನು ಎಣಿಸುವುದಿಲ್ಲ. ಎರಡು ಅಥವಾ ಹೆಚ್ಚಾಗಿದ್ದರೆ ಎಣಿಕೆ ಶುರು. 2021ರಿಂದ 2023ರವರೆಗೆ ಅಲ್ಲೇ ಎಂ.ಎಸ್. ಓದಿ ಬಂದು, 2025ರಲ್ಲಿ ಸಂಶೋಧಕರಾಗಿ ಮರಳಿದವರಿಗೆ ಮೊದಲ ದಿನದಿಂದಲೇ ಎಣಿಕೆ ನಡೆಯುತ್ತದೆ. ಊರಿನ ಕಾಲೇಜೇ ಪೂರ್ತಿ ಸಂಬಳ ಕೊಡುತ್ತಿದ್ದರೆ ನಿಯಮ ಇಷ್ಟು ಬಿಗಿಯಲ್ಲ.

ವರ್ಷದಲ್ಲಿ ಒಂದೇ ದಿನ ಇದ್ದರೂ ಅದು ಇಡೀ ವರ್ಷವೆಂದೇ ಲೆಕ್ಕ. ಡಿಸೆಂಬರ್ 28ಕ್ಕೆ ಇಳಿದವರು ನಾಲ್ಕು ದಿನಕ್ಕಾಗಿ ಎಣಿಕೆಯಿಲ್ಲದ ಎರಡು ವರ್ಷಗಳಲ್ಲಿ ಒಂದನ್ನು ಕಳೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯ ಒಪ್ಪುವುದಾದರೆ ಜನವರಿಯಲ್ಲಿ ಹೊರಡುವುದೇ ಜಾಣತನ.

ಎಣಿಕೆ ಶುರುವಾದ ಮೇಲೆ ಎರಡು ಅಳತೆಗಳು: ಆ ವರ್ಷ ಕನಿಷ್ಠ 31 ದಿನ ಅಲ್ಲಿರಬೇಕು, ಜೊತೆಗೆ ಆ ವರ್ಷದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಿ 183 ಮುಟ್ಟಬೇಕು. ಎರಡೂ ಆದರೆ ನೀವು ನಿವಾಸಿ. ಎಣಿಕೆಯಿಂದ ವಿನಾಯಿತಿ ಇದ್ದ ವರ್ಷಗಳ ದಿನಗಳನ್ನು ಇಲ್ಲಿ ಸೊನ್ನೆಯೆಂದೇ ಹಿಡಿಯಬೇಕು. ಮೊದಲ ಬಾರಿಗೆ 2024ರ ಆಗಸ್ಟ್ 10ರಂದು ಹೋದವರಿಗೆ 2024, 2025 ಲೆಕ್ಕಕ್ಕಿಲ್ಲ. 2026ರ ಜನವರಿ 1ರಿಂದ ಎಣಿಕೆ. ಅಲ್ಲೇ ಇದ್ದು ಜೂನ್ 30ಕ್ಕೆ ಹೊರಟರೆ 181 ದಿನ, ಅನಿವಾಸಿ. ಜುಲೈ 2ರವರೆಗೆ ಉಳಿದರೆ 183 ತುಂಬಿ, ಸಾಮಾನ್ಯವಾಗಿ ಜನವರಿಯಿಂದಲೇ ನಿವಾಸಿ. ಬಂದ ದಿನ, ಹೊರಟ ದಿನ ಎರಡೂ ಎಣಿಕೆಗೆ ಸೇರುತ್ತವೆಂಬುದನ್ನು ಮರೆಯಬೇಡಿ.

ಇದರೊಡನೆ ಗೊಂದಲವಾಗುವುದು ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ. ಹೋಗುವ ಮುನ್ನ ಭಾರತದ ನಿವಾಸಿಯಾಗಿದ್ದವರ ಬೋಧನೆ, ಸಂಶೋಧನೆಯ ಸಂಬಳಕ್ಕೆ ಅದು ಎರಡು ವರ್ಷ ಅಮೆರಿಕದ ತೆರಿಗೆಯಿಂದ ವಿನಾಯಿತಿ ಕೊಡುತ್ತದೆ. ಈ ಎರಡು ವರ್ಷ ಕ್ಯಾಲೆಂಡರ್‌ನದ್ದಲ್ಲ, ತಲುಪಿದ ದಿನದಿಂದ ಎಣಿಸಬೇಕಾದದ್ದು. ಭೇಟಿ ಎರಡು ವರ್ಷ ಮೀರಿದರೆ ಆಗಲೇ ಪಡೆದ ವಿನಾಯಿತಿಯೂ ಕೈತಪ್ಪಿ, ಹಳೆಯ ತೆರಿಗೆ ಕಟ್ಟಬೇಕಾಗುತ್ತದೆ. ಹೀಗಾಗಿ ಮಾರ್ಗದರ್ಶಕರು ಇನ್ನೊಂದು ವರ್ಷ ಇರಿ ಎಂದಾಗ ಆ ವರ್ಷದ ಸಂಬಳದಲ್ಲಿ ಈ ಬಾಕಿಯನ್ನೂ ಕಳೆದು ನೋಡಿ ಉತ್ತರಿಸಬೇಕು. ವಿನಾಯಿತಿ ತಾನಾಗಿ ಬರುವುದಿಲ್ಲ. ಫಾರ್ಮ್ 8233 ತುಂಬಿ ವಿಶ್ವವಿದ್ಯಾಲಯದ ಸಂಬಳ ವಿಭಾಗಕ್ಕೆ ಕೊಡಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮ ರಾಜ್ಯ ತೆರಿಗೆಗೆ ಈ ಒಪ್ಪಂದವನ್ನು ಮಾನ್ಯ ಮಾಡುವುದಿಲ್ಲ.

ಅನಿವಾಸಿಯಾಗಿ ಸಂಬಳ ಪಡೆದವರು 1040-ಎನ್‌ಆರ್ ಎಂಬ ತೆರಿಗೆ ಅರ್ಜಿಯನ್ನು ಮರುವರ್ಷದ ಏಪ್ರಿಲ್ 15ರೊಳಗೆ ಸಲ್ಲಿಸಬೇಕು. ದಿನಗಳ ವಿನಾಯಿತಿಗೆ ಫಾರ್ಮ್ 8843 ಅದರ ಜೊತೆಗಿರಬೇಕು. ಆದಾಯವೇ ಇಲ್ಲದ ಪತ್ನಿ ಅಥವಾ ಪತಿ, ಜೆ-2 (ಜೆ-1ರವರ ಕುಟುಂಬದ) ವೀಸಾದಲ್ಲಿ ಬಂದ ಮಕ್ಕಳು ಕೂಡ ತಲಾ ಒಂದು ಫಾರ್ಮ್ 8843 ಅನ್ನು ಜೂನ್ 15ರೊಳಗೆ ಕಳುಹಿಸಬೇಕು.