ಜಿಮ್ ಸ್ಟೈನ್ಸ್ ಕಲಿತ ದಾರಿಯಲ್ಲಿ ಕಲಿಸಿದ್ದು: ನನ್ನ ಅನುಭವ

ಮೆಲ್ಬರ್ನಿನ ಪಶ್ಚಿಮ ಬಡಾವಣೆಗಳಲ್ಲಿ, ಅಂದರೆ ವೆರಿಬಿ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ, ಭಾರತದಿಂದ ಬಂದು ನೆಲೆಸಿದ ಕುಟುಂಬಗಳು ಬಹಳ ಇವೆ. ಅವುಗಳಲ್ಲಿ ಕನ್ನಡದ ಮನೆಗಳೂ ಸೇರಿವೆ. ಈ ಮನೆಗಳ ಮಕ್ಕಳು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ಗೆ, ಇಲ್ಲಿನವರ ಮಾತಿನಲ್ಲಿ ಫೂಟಿಗೆ, ಸಾಮಾನ್ಯವಾಗಿ ತಡವಾಗಿ ಬರುತ್ತಾರೆ. ಸ್ಥಳೀಯ ಮನೆಯ ಹುಡುಗ ಐದಾರು ವರ್ಷಕ್ಕೇ ಆಸ್‌ಕಿಕ್ ಎಂಬ ಮಕ್ಕಳ ತರಬೇತಿಗೆ ಸೇರಿರುತ್ತಾನೆ. ನಮ್ಮ ಹುಡುಗ ಅಲ್ಲಿಯವರೆಗೆ ಕ್ರಿಕೆಟ್ ಆಡಿಕೊಂಡಿದ್ದು, ಹೈಸ್ಕೂಲಿಗೆ ಬಂದ ಮೇಲೆ ಗೆಳೆಯರ ಜೊತೆ ಮೊದಲ ಸಲ ಮೈದಾನಕ್ಕೆ ಇಳಿಯುತ್ತಾನೆ. ಇಂಥ ತಡವಾಗಿ ಬಂದ ಹುಡುಗರಿಗೆ ಕಲಿಸುವ ಕೆಲಸವನ್ನು ನಾನು ಒಂದು ಬಡಾವಣೆಯ ಕಿರಿಯರ ಕ್ಲಬ್ಬಿನಲ್ಲಿ ಹಲವು ಚಳಿಗಾಲಗಳಿಂದ ಸ್ವಯಂಸೇವಕ ಕೋಚ್ ಆಗಿ ಮಾಡುತ್ತಿದ್ದೇನೆ. ನಾನೂ ಮಂಡ್ಯದಲ್ಲಿ ಕಬಡ್ಡಿ ಆಡಿ ಬೆಳೆದು, ಫೂಟಿಯನ್ನು ಇಲ್ಲಿಗೆ ಬಂದ ಮೇಲೆ ಕಲಿತವರಲ್ಲಿ ಒಬ್ಬ. ಬಾಲ್ಯದಲ್ಲಿ ಈ ಚೆಂಡನ್ನು ಮುಟ್ಟದವನಿಗೆ ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಆಮೇಲೆ ಕಲಿಸಬೇಕು ಎಂಬುದನ್ನು ಕೋಚಿಂಗ್ ಕೈಪಿಡಿಗಳು ನನಗೆ ಹೇಳಿಕೊಡಲಿಲ್ಲ, ಏಕೆಂದರೆ ಅವು ಆಟದ ನಡುವೆಯೇ ಬೆಳೆದ ಮಗುವನ್ನು ಎದುರಿಗೆ ಇಟ್ಟುಕೊಂಡು ಬರೆದವು. ನನಗೆ ದಾರಿ ತೋರಿಸಿದ್ದು ಜಿಮ್ ಸ್ಟೈನ್ಸ್ ಎಂಬ ಐರಿಷ್ ಆಟಗಾರನ ಮೊದಲ ಕೆಲವು ವರ್ಷಗಳು.

ಸ್ಟೈನ್ಸ್ ಹುಟ್ಟಿದ್ದು 1966ರಲ್ಲಿ, ಡಬ್ಲಿನ್ ನಗರದಲ್ಲಿ. ಅವನು ಆಡುತ್ತಿದ್ದದ್ದು ಗೇಲಿಕ್ ಫುಟ್‌ಬಾಲ್, ಅಂದರೆ ಐರ್ಲೆಂಡಿನ ದೇಶೀ ಆಟ. 1984ರಲ್ಲಿ ಡಬ್ಲಿನ್ ಕಿರಿಯರ ತಂಡ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಾಗ ಅವನು ಆ ತಂಡದಲ್ಲಿದ್ದ. ಆ ಕಾಲದಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್, ಆಗಿನ ಕೋಚ್ ರಾನ್ ಬರಾಸಿಯವರ ಮುಂದಾಳತ್ವದಲ್ಲಿ, ಐರ್ಲೆಂಡಿನ ಎತ್ತರದ ಹುಡುಗರನ್ನು ತಂದು ಈ ಆಟಕ್ಕೆ ತಯಾರು ಮಾಡುವ ಪ್ರಯೋಗ ನಡೆಸಿತ್ತು. ಉನ್ನತ ವ್ಯಾಸಂಗಕ್ಕೆ ನೆರವು ಕೊಡುತ್ತೇವೆ, ಬಂದು ಆಡಿ ಎಂಬ ಜಾಹೀರಾತನ್ನು ನೋಡಿ ಅರ್ಜಿ ಹಾಕಿದ ಸ್ಟೈನ್ಸ್ 1984ರ ಕೊನೆಗೆ, ಹದಿನೆಂಟರ ವಯಸ್ಸಿನಲ್ಲಿ, ಮೆಲ್ಬರ್ನಿಗೆ ಬಂದಿಳಿದ. 1985ರಲ್ಲಿ ಕ್ಲಬ್ಬಿನ ಹತ್ತೊಂಬತ್ತರ ಒಳಗಿನವರ ತಂಡದಲ್ಲಿ ಆಡಿದ. 1986ರಲ್ಲಿ ಅವನನ್ನು ಪ್ರಹ್ರಾನ್ ಎಂಬ ಕ್ಲಬ್ಬಿಗೆ ಕಳಿಸಲಾಯಿತು. ಅದು ಆಡುತ್ತಿದ್ದದ್ದು ಒಂದು ಮೆಟ್ಟಿಲು ಕೆಳಗಿನ ವಿ.ಎಫ್.ಎ. ಸ್ಪರ್ಧೆಯಲ್ಲಿ. 1987ರಲ್ಲಿ ಮೆಲ್ಬರ್ನ್ ತಂಡದ ಪರವಾಗಿ ಮೊದಲ ಪಂದ್ಯ. 1991ರಲ್ಲಿ ಬ್ರೌನ್‌ಲೋ ಪದಕ, ಅಂದರೆ ಲೀಗಿನ ಅತ್ಯುತ್ತಮ ಆಟಗಾರನಿಗೆ ಅಂಪೈರುಗಳ ಮತಗಳಿಂದ ಸಿಗುವ ಗೌರವ. ಮೊಟ್ಟೆಯಾಕಾರದ ಚೆಂಡನ್ನು ಹದಿನೆಂಟು ವರ್ಷದವರೆಗೆ ಆಡಿಯೇ ಇರದ ಒಬ್ಬ ಯುವಕ ಏಳು ವರ್ಷಗಳಲ್ಲಿ ಅಲ್ಲಿಗೆ ತಲುಪಿದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪದಕದ ಮೇಲೆ ನಿಲ್ಲುತ್ತಾರೆ. ಕೋಚ್ ಆಗಿ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು 1986ರ ಪ್ರಹ್ರಾನ್ ವರ್ಷದ ಮೇಲೆ. ಆದರೆ ಅದಕ್ಕೆ ಮೊದಲು ಚೆಂಡಿನ ವಿಷಯ ಹೇಳಬೇಕು.

ಗೇಲಿಕ್ ಆಟದ ಚೆಂಡು ದುಂಡಗಿನದು. ದುಂಡು ಚೆಂಡನ್ನು ಕೈಯಿಂದ ಹೇಗೆ ಬಿಟ್ಟರೂ ಕಾಲಿಗೆ ಅದೇ ಮುಖ ಸಿಗುತ್ತದೆ. ಫೂಟಿಯ ಚೆಂಡಿಗೆ ಎರಡು ಮೊನೆಗಳಿವೆ. ಕೈ ಬಿಡುವಾಗ ಅದು ಬೆರಳಷ್ಟು ವಾಲಿದರೂ ಒದೆತ ದಿಕ್ಕು ತಪ್ಪುತ್ತದೆ. ಇಲ್ಲಿ ಎಲ್ಲರೂ ಬಳಸುವ ಡ್ರಾಪ್ ಪಂಟ್ ಎಂಬ ಒದೆತದಲ್ಲಿ ಚೆಂಡು ಮೊನೆಯ ಮೇಲೆ ಮೊನೆ ಹಿಂದಕ್ಕೆ ಉರುಳುತ್ತ ಗಾಳಿಯಲ್ಲಿ ಸಾಗಬೇಕು, ಹಾಗೆ ಸಾಗಿದರೆ ಮಾತ್ರ ಎದುರಿನ ಗೆಳೆಯ ಅದನ್ನು ಸುಲಭವಾಗಿ ಹಿಡಿಯಬಲ್ಲ. ಬಲಗಾಲಿನವನಾದರೆ ಎಡಗೈ ಮೊದಲು ಚೆಂಡನ್ನು ಬಿಡುತ್ತದೆ, ಬಲಗೈ ಅದನ್ನು ತೊಡೆಯ ಎದುರಿಗೆ ಇಳಿಸುತ್ತ ಬಂದು ಕೊನೆಯ ಗಳಿಗೆಯಲ್ಲಿ ಬಿಡುತ್ತದೆ; ಕಾಲ್ಬೆರಳುಗಳನ್ನು ಕೆಳಕ್ಕೆ ಚಾಚಿ ಬಿಗಿಹಿಡಿದ ಪಾದದ ಮೇಲ್ಭಾಗ ಚೆಂಡಿನ ಕೆಳ ಮೊನೆಯ ಹತ್ತಿರ ತಾಗುತ್ತದೆ.

ಆದ್ದರಿಂದ ಹೊಸಬರಿಗೆ ನಾನು ಮೊದಲ ವಾರಗಳಲ್ಲಿ ಒದೆಯಲು ಬಿಡುವುದಿಲ್ಲ. ನಿಂತಲ್ಲೇ ಚೆಂಡನ್ನು ಒಂದೇ ಕೈಯಿಂದ ಹುಲ್ಲಿನ ಮೇಲೆ ಬಿಡಿಸುತ್ತೇನೆ. ನೇರವಾಗಿ ಬಿಟ್ಟ ಚೆಂಡು ಮೊನೆಯ ಮೇಲೆ ಬಿದ್ದು ಮೇಲಕ್ಕೆ ಪುಟಿಯುತ್ತದೆ, ವಾಲಿಸಿ ಬಿಟ್ಟದ್ದು ಪಕ್ಕಕ್ಕೆ ಓಡುತ್ತದೆ. ಹುಡುಗ ತನ್ನ ತಪ್ಪನ್ನು ತಾನೇ ನೋಡುತ್ತಾನೆ, ನಾನು ಬಾಯಿ ತೆರೆಯಬೇಕಾಗಿಲ್ಲ. ಅದು ಕೈಗೆ ಕೂತ ಮೇಲೆ ಹತ್ತು ಹೆಜ್ಜೆ ದೂರದ ಜೊತೆಗಾರನಿಗೆ ಮೆಲ್ಲಗೆ ಒದೆಯುವುದು, ಆಮೇಲೆ ನಡೆಯುತ್ತ, ಆಮೇಲೆ ಓಡುತ್ತ, ಕೊನೆಗೆ ಒಬ್ಬ ಎದುರಾಳಿ ಮೈಮೇಲೆ ಬರುತ್ತಿರುವಾಗ. ದೂರಕ್ಕೆ ಒದೆಯುವ ಆಸೆಯನ್ನು ತಡೆದು ಹಿಡಿಯುವುದೇ ಈ ಹಂತದ ಅತಿ ಕಷ್ಟದ ಕೆಲಸ. ಬೆಳೆಯುವ ವಯಸ್ಸಿನ ಹುಡುಗ ಒಂದೇ ಸಂಜೆಯಲ್ಲಿ ಬಲ ಹಾಕಿ ಒದೆಯುತ್ತಲೇ ಇದ್ದರೆ ತೊಡೆಸಂದು ನೋಯಲು ಶುರುವಾಗುತ್ತದೆ; ಮಂಡಿಚಿಪ್ಪಿನ ಕೆಳಗಿನ ನೋವಂತೂ ಈ ವಯಸ್ಸಿನಲ್ಲಿ ಬಹಳ ಸಾಮಾನ್ಯ. ಬಾಲ್ಯದಿಂದ ಆಡಿದವರ ದೇಹ ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಹೊತ್ತ ಭಾರವನ್ನು ಹೊಸಬನ ಮೇಲೆ ಒಂದೇ ಚಳಿಗಾಲದಲ್ಲಿ ಹೇರಬಾರದು ಎಂಬ ವಿಷಯದಲ್ಲಿ ನಾನು ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ.

ಕ್ರಿಕೆಟ್‌ನಿಂದ ಬಂದವರು ಎತ್ತರದ ಚೆಂಡಿಗೆ ಹೆದರುವುದಿಲ್ಲ, ಅದು ದೊಡ್ಡ ಲಾಭ. ಆದರೆ ಅವರ ಕೈಗಳು ಚೆಂಡಿನ ಜೊತೆ ಹಿಂದಕ್ಕೆ ಬರುತ್ತವೆ, ಎದೆಯ ಹತ್ತಿರ ಹಿಡಿಯುತ್ತವೆ. ಇಲ್ಲಿ ಹದಿನೈದು ಮೀಟರಿಗಿಂತ ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ತಾಗುವ ಮೊದಲೇ ಹಿಡಿದರೆ ಅದು ಮಾರ್ಕ್; ಹಿಡಿದವನಿಗೆ ನಿಂತು ಒದೆಯುವ ಹಕ್ಕು ಸಿಗುತ್ತದೆ. ಹಿಂದಿನಿಂದ ಎದುರಾಳಿ ಮುಷ್ಟಿಯಿಂದ ಚೆಂಡನ್ನು ಹೊಡೆದುಹಾಕಲು ಕಾದಿರುವುದರಿಂದ ತೋಳುಗಳನ್ನು ಪೂರ್ತಿ ಮುಂದಕ್ಕೆ ಚಾಚಿ, ಹೆಬ್ಬೆರಳುಗಳು ಚೆಂಡಿನ ಹಿಂದೆ ಇರುವಂತೆ, ಸಾಧ್ಯವಾದಷ್ಟು ಮುಂಚೆ ಹಿಡಿಯಬೇಕು. ಹಿಡಿತದಲ್ಲಿ, ಅಂದರೆ ಟ್ಯಾಕಲ್‌ನಲ್ಲಿ, ನನಗೆ ಊರಿನ ಕಬಡ್ಡಿ ನೆರವಾಯಿತು: ಎದುರಾಳಿಯ ಸೊಂಟಕ್ಕೆ ಭುಜ ಕೊಟ್ಟು ತೋಳು ಬಿಗಿಯುವುದು, ತಲೆಯನ್ನು ಅವನ ಮೈಯ ಹೊರಬದಿಗೆ ಇಡುವುದು ಎರಡೂ ಕಡೆ ಒಂದೇ. ಕಬಡ್ಡಿಯ ಕಾಲು ಹಿಡಿಯುವ ಪಟ್ಟು ಮಾತ್ರ ಇಲ್ಲಿ ನಿಷಿದ್ಧ. ಭುಜದ ಕೆಳಗೆ, ಮಂಡಿಯ ಮೇಲೆ ಮಾತ್ರ ಹಿಡಿಯಬಹುದು.

ಈಗ ಪ್ರಹ್ರಾನ್. ಮೆಲ್ಬರ್ನ್ ಕ್ಲಬ್ ಒಬ್ಬ ಹುಡುಗನನ್ನು ಸಮುದ್ರದಾಚೆಯಿಂದ ಖರ್ಚು ಮಾಡಿ ಕರೆಸಿಕೊಂಡಿತ್ತು. ಅವನನ್ನು ತನ್ನ ಬಳಿಯೇ ಇಟ್ಟುಕೊಂಡು ಅಭ್ಯಾಸ ಮಾಡಿಸುತ್ತ, ಆಗೊಮ್ಮೆ ಈಗೊಮ್ಮೆ ಆಡಿಸಬಹುದಿತ್ತು. ಅದರ ಬದಲು ಅವನು ಗಂಡಸರ ನಡುವೆ, ಒರಟು ಆಟಕ್ಕೆ ಹೆಸರಾದ ಸ್ಪರ್ಧೆಯಲ್ಲಿ, ವಾರದಿಂದ ವಾರಕ್ಕೆ ಆಡಿದ. ಅಭ್ಯಾಸದಲ್ಲಿ ಕಲಿತ ಒದೆತವನ್ನು ದಣಿದ ಕಾಲಿನಿಂದ, ಏಟು ತಿಂದ ಮೈಯಿಂದ, ಯೋಚಿಸಲು ಸಮಯವಿಲ್ಲದೆ ಒದೆಯಬೇಕಾದ ಸಂದರ್ಭಗಳು ಅವನಿಗೆ ಅಲ್ಲಿ ಸಿಕ್ಕವು. ಅವನನ್ನು ಮುಂದಿನ ವರ್ಷ ದೊಡ್ಡ ತಂಡಕ್ಕೆ ಸಿದ್ಧಗೊಳಿಸಿದ್ದು ಇದೇ ಎಂಬುದು ನನ್ನ ಗಟ್ಟಿ ನಂಬಿಕೆ, ಮತ್ತು ನನ್ನ ಕೋಚಿಂಗ್ ನಿಂತಿರುವುದು ಈ ನಂಬಿಕೆಯ ಮೇಲೆ.

ಕಿರಿಯರ ಲೀಗುಗಳಲ್ಲಿ ಒಂದೇ ವಯಸ್ಸಿಗೆ ಹಲವು ಡಿವಿಷನ್‌ಗಳಿರುತ್ತವೆ. ಎತ್ತರವಾಗಿ, ಚುರುಕಾಗಿ ಇರುವ ಹೊಸ ಹುಡುಗ ಬಂದರೆ ಅವನನ್ನು ಮೇಲಿನ ಡಿವಿಷನ್ ತಂಡಕ್ಕೆ ಸೇರಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಅವನು ಮೈದಾನದ ಒಂದು ಮೂಲೆಯಲ್ಲಿ ನಿಂತು, ಇಡೀ ಪಂದ್ಯದಲ್ಲಿ ಒಂದೆರಡು ಸಲ ಚೆಂಡು ಮುಟ್ಟಿ, ಅದನ್ನೂ ಗಾಬರಿಯಲ್ಲಿ ಕೈಚೆಲ್ಲಿ, ಆಟ ತನ್ನದಲ್ಲ ಎಂದುಕೊಂಡು ಮನೆಗೆ ಹೋಗುತ್ತಾನೆ. ನಾನು ಅವನನ್ನು ಕೆಳಗಿನ ಡಿವಿಷನ್‌ನಲ್ಲಿ ಮೈದಾನದ ನಟ್ಟನಡುವೆ ಆಡಿಸುತ್ತೇನೆ, ಆದಷ್ಟು ಮಟ್ಟಿಗೆ ನಾಲ್ಕೂ ಕ್ವಾರ್ಟರ್. ಎತ್ತರದವನಾದರೆ ರಕ್ ಸ್ಥಾನ ಕೊಡುತ್ತೇನೆ: ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆದಾಗ ಹಾರಿ, ತನ್ನವರ ಕಡೆ ತಟ್ಟುವ ಕೆಲಸ ಅದು. ಹೊಸಬನಿಗೆ ಇದರಲ್ಲಿ ಒಂದು ಅನುಕೂಲವಿದೆ, ಅವನು ಎಲ್ಲಿ ನಿಲ್ಲಬೇಕೆಂಬ ಗೊಂದಲ ಇರುವುದಿಲ್ಲ. ಚೆಂಡು ನಿಂತ ಕಡೆಗೆ ಅವನು ಹೋಗಲೇಬೇಕು. ಸ್ಟೈನ್ಸ್ 199 ಸೆಂಟಿಮೀಟರ್ ಎತ್ತರದ ರಕ್ ಆಟಗಾರ. ತಟ್ಟಿ ಅಲ್ಲೇ ನಿಲ್ಲದೆ, ಮಧ್ಯಭಾಗದ ಆಟಗಾರರ ಜೊತೆ ಮೈದಾನದ ಉದ್ದಕ್ಕೂ ಓಡಿ, ಮತ್ತೆ ಚೆಂಡು ಪಡೆಯುವ ರೀತಿಯಿಂದ ಆ ಸ್ಥಾನದ ಆಟವನ್ನೇ ಅವನು ಬದಲಿಸಿದ. ಹಾಗಾಗಿ ನನ್ನ ರಕ್ ಹುಡುಗರಿಗೆ ಅಭ್ಯಾಸದಲ್ಲಿ ತಟ್ಟುವುದು ಅರ್ಧ ಕೆಲಸ. ತಟ್ಟಿದ ಕೂಡಲೇ ಮುಂದಿನ ಚೆಂಡಿಗೆ ಓಡುವುದು ಉಳಿದ ಅರ್ಧ.

“ನಮ್ಮ ಹುಡುಗನನ್ನು ಯಾಕೆ ಸರ್ ಕೆಳಗಿನ ಟೀಮಿಗೆ ಹಾಕಿದ್ದೀರಿ?” ಎಂದು ಪೋಷಕರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಶಾಲೆಯ ಸೆಕ್ಷನ್‌ಗಳನ್ನು ನೋಡಿ ಬೆಳೆದ ನಮಗೆ ಕೆಳಗಿನದು ಎಂದರೆ ಹಿಂದೆ ಬಿದ್ದದ್ದು. ಅವರಿಗೆ ನಾನು ಪ್ರಹ್ರಾನ್ ವರ್ಷದ ಕಥೆಯನ್ನು ಪೂರ್ತಿ ಹೇಳುತ್ತೇನೆ, ಮುಂದಿನ ಭಾನುವಾರ ಪಂದ್ಯಕ್ಕೆ ಬಂದು ಮಗ ಎಷ್ಟು ಸಲ ಚೆಂಡು ಮುಟ್ಟುತ್ತಾನೆ ಎಂದು ಬರೆದುಕೊಳ್ಳಲು ಹೇಳುತ್ತೇನೆ. ಬರೆದುಕೊಂಡವರು ಮತ್ತೆ ಆ ಪ್ರಶ್ನೆ ಕೇಳಿದ್ದು ಕಡಿಮೆ.

ಸ್ಟೈನ್ಸ್‌ನ ಮೊದಲ ವರ್ಷದ ಇನ್ನೊಂದು ಘಟನೆಯಿಂದ ನಾನು ಒಂದು ಅಭ್ಯಾಸವನ್ನೇ ರೂಪಿಸಿಕೊಂಡೆ. 1987ರಲ್ಲಿ ಮೆಲ್ಬರ್ನ್ ತಂಡ 1964ರ ನಂತರ ಮೊದಲ ಬಾರಿಗೆ ಫೈನಲ್ಸ್ ಹಂತ ತಲುಪಿತ್ತು. ಹಾಥಾರ್ನ್ ವಿರುದ್ಧದ ಪ್ರಿಲಿಮಿನರಿ ಫೈನಲ್‌ನ, ಅಂದರೆ ಅಂತಿಮ ಪಂದ್ಯಕ್ಕೆ ಮುಂಚಿನ ಪಂದ್ಯದ, ಕೊನೆಯ ಕ್ಷಣಗಳಲ್ಲಿ ಹಾಥಾರ್ನ್‌ನ ಗ್ಯಾರಿ ಬಕೆನಾರಾಗೆ ಗೋಲಿನಿಂದ ಬಹು ದೂರದಲ್ಲಿ ಒದೆತ ಸಿಕ್ಕಿತು. ಆ ಹೊತ್ತಿಗೆ ಸ್ಟೈನ್ಸ್ ಒದೆಯುವವನ ಮತ್ತು ಅವನ ಎದುರು ಗುರುತಿನ ಮೇಲೆ (ಎದುರಾಳಿ ದಾಟಿ ಮುಂದೆ ಬರಬಾರದ ಜಾಗ) ನಿಂತವನ ನಡುವಿನ ಜಾಗವನ್ನು ಹಾದು ಓಡಿದ. ನಿಯಮದಂತೆ ಹದಿನೈದು ಮೀಟರ್ ದಂಡ ಬಿತ್ತು, ಒದೆತ ಗೋಲಿಗೆ ಹತ್ತಿರವಾಯಿತು, ಸೈರನ್ ಆದ ಮೇಲೆ ಬಕೆನಾರಾ ಗೋಲು ಹೊಡೆದ, ಮೆಲ್ಬರ್ನ್ ಎರಡು ಅಂಕಗಳಿಂದ ಸೋತಿತು. ಆ ದಂಡವೇ 1988ರಿಂದ ಐವತ್ತು ಮೀಟರ್ ಆಗಿದೆ.

ಇದನ್ನು ಅಜಾಗರೂಕತೆ ಎಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಚೆಂಡು ಓಡುತ್ತಿರುವಾಗ ಏನು ಮಾಡಬೇಕೆಂಬುದನ್ನು ಹೊಸಬ ಬೇಗ ಕಲಿಯುತ್ತಾನೆ, ಏಕೆಂದರೆ ಎಲ್ಲರೂ ಅದನ್ನೇ ಕಲಿಸುತ್ತಾರೆ. ಚೆಂಡು ನಿಂತಾಗ ಎಲ್ಲಿ ಹೆಜ್ಜೆ ಇಡಬಾರದು ಎಂಬುದು ಬಾಲ್ಯದಿಂದ ಆಡಿದವನ ಮೈಯಲ್ಲೇ ಸೇರಿರುತ್ತದೆ, ಹಾಗಾಗಿ ಅದನ್ನು ಬಾಯಿಬಿಟ್ಟು ಹೇಳಿಕೊಡಬೇಕೆಂದು ಯಾರಿಗೂ ತೋಚುವುದಿಲ್ಲ. ನಮ್ಮ ಅಭ್ಯಾಸ ಪಂದ್ಯಗಳಲ್ಲಿ ನಾನು ಮುನ್ಸೂಚನೆ ಇಲ್ಲದೆ ಸೀಟಿ ಊದುತ್ತೇನೆ, ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಒಬ್ಬೊಬ್ಬರನ್ನೂ ಕೇಳುತ್ತೇನೆ: ಚೆಂಡು ಯಾರ ಕೈಯಲ್ಲಿದೆ, ಗುರುತು ಎಲ್ಲಿದೆ, ನೀನು ನಿನ್ನ ಎದುರಾಳಿಯ ಹತ್ತಿರ ಯಾವ ದಾರಿಯಲ್ಲಿ ಹೋಗುತ್ತೀಯ? ಸುತ್ತುದಾರಿಯನ್ನು ನಡೆದು ತೋರಿಸಬೇಕು. 2021ರಿಂದ ದೇಶದ ಅತ್ಯುನ್ನತ ಲೀಗಾದ ಎ.ಎಫ್.ಎಲ್.ನಲ್ಲಿ ಗುರುತಿನ ಮೇಲೆ ನಿಂತವನು ಅಂಪೈರ್ ನಿಲ್ಲು ಎಂದ ಮೇಲೆ ಪಕ್ಕಕ್ಕೂ ಸರಿಯುವಂತಿಲ್ಲವಾದ್ದರಿಂದ ಈ ಪಾಠ ಇನ್ನೂ ಮುಖ್ಯವಾಗಿದೆ.

ಆ ಸೋಲಿನ ನಂತರವೂ ಕ್ಲಬ್ ಸ್ಟೈನ್ಸ್‌ನನ್ನು ಕೈಬಿಡಲಿಲ್ಲ. 1987ರ ಸೀಸನ್‌ನಲ್ಲೇ ಶುರುವಾದ ಅವನ ಸತತ ಪಂದ್ಯಗಳ ಸರಣಿ 1998ರವರೆಗೆ ಮುರಿಯದೆ ಸಾಗಿ 244ಕ್ಕೆ ತಲುಪಿತು; 2025ರಲ್ಲಿ ಕಾಲಿಂಗ್‌ವುಡ್‌ನ ಜಾಕ್ ಕ್ರಿಸ್ಪ್ ಮುರಿಯುವವರೆಗೆ ಅದು ಲೀಗಿನ ದಾಖಲೆಯಾಗಿತ್ತು. ನನ್ನ ತಂಡದಲ್ಲಿ ಪಂದ್ಯ ಕಳೆದುಹೋಗುವಂಥ ತಪ್ಪು ಮಾಡಿದ ಹುಡುಗನ ಹೆಸರನ್ನು ಮುಂದಿನ ವಾರದ ಪಟ್ಟಿಯಲ್ಲಿ ಮೊದಲು ಬರೆಯುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೇನೆ, ಮತ್ತು ಅದೇ ಸ್ಥಾನದಲ್ಲಿ ಆಡಿಸುತ್ತೇನೆ.

ಈ ದಾರಿಯ ಮಿತಿಯನ್ನೂ ಪೋಷಕರಿಗೆ ಮರೆಮಾಚುವುದಿಲ್ಲ. ಸ್ಟೈನ್ಸ್ ಬಂದಾಗ ರಾಷ್ಟ್ರೀಯ ಡ್ರಾಫ್ಟ್, ಅಂದರೆ ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ, ಇರಲೇ ಇಲ್ಲ, ಅದು ಶುರುವಾದದ್ದು 1986ರಲ್ಲಿ. ಈಗ ವಿಕ್ಟೋರಿಯಾದ ಹುಡುಗ ಸಾಮಾನ್ಯವಾಗಿ ವೆಸ್ಟರ್ನ್ ಜೆಟ್ಸ್‌ನಂಥ ಹದಿನೆಂಟರ ಒಳಗಿನವರ ಟ್ಯಾಲೆಂಟ್ ಲೀಗ್ ತಂಡದ ಮೂಲಕ ಡ್ರಾಫ್ಟ್‌ಗೆ ಹೋಗಬೇಕು, ಆ ವರ್ಷದ ಡಿಸೆಂಬರ್ 31ರೊಳಗೆ ಅವನಿಗೆ ಹದಿನೆಂಟು ತುಂಬಿರಬೇಕು. ಹದಿಮೂರಕ್ಕೆ ಶುರುಮಾಡಿದವನಿಗೆ ಉಳಿಯುವುದು ನಾಲ್ಕೈದು ಚಳಿಗಾಲಗಳು. ದೊಡ್ಡವರಾದ ಮೇಲೆ ಬೇರೆ ಆಟದಿಂದ ಬಂದವರೂ ಇದ್ದಾರೆ. ಕೆನಡಾದ ರಗ್ಬಿ ಆಟಗಾರ ಮೈಕ್ ಪೈಕ್ 2012ರಲ್ಲಿ ಸಿಡ್ನಿ ಸ್ವಾನ್ಸ್ ಪ್ರಶಸ್ತಿ ಗೆದ್ದಾಗ ತಂಡದಲ್ಲಿದ್ದ. ಟೆಕ್ಸಸ್‌ನ ಬಾಸ್ಕೆಟ್‌ಬಾಲ್ ಆಟಗಾರ ಮೇಸನ್ ಕಾಕ್ಸ್ 2016ರ ಆಂಜಾಕ್ ದಿನ (ಯೋಧರನ್ನು ನೆನೆಯುವ ಏಪ್ರಿಲ್ 25) ಕಾಲಿಂಗ್‌ವುಡ್ ಪರ ಮೊದಲ ಪಂದ್ಯದ ಮೊದಲ ಒದೆತದಲ್ಲೇ ಗೋಲು ಹೊಡೆದ. ಆದರೆ ಅವನು 211 ಸೆಂಟಿಮೀಟರ್ ಎತ್ತರ, ಅದಕ್ಕೂ ಮುಂಚಿನ 2015ರ ವರ್ಷವನ್ನು ಅವನೂ ಕೆಳಗಿನ ವಿ.ಎಫ್.ಎಲ್. ಸ್ಪರ್ಧೆಯಲ್ಲೇ ಕಳೆದಿದ್ದ.

ನನ್ನ ಕೈಯಲ್ಲಿ ಕಲಿತ ಯಾರೂ ಎ.ಎಫ್.ಎಲ್. ಆಡಿಲ್ಲ. ಹಲವರು ಈಗ ಕೆಳಗಿನ ಡಿವಿಷನ್ ದಾಟಿ ಮೇಲಿನದರಲ್ಲಿ, ಆಸ್‌ಕಿಕ್‌ನಲ್ಲಿ ಬೆಳೆದ ಹುಡುಗರ ಸರಿಸಮಕ್ಕೆ ಮೈದಾನದ ನಡುಭಾಗದಲ್ಲಿ ಆಡುತ್ತಿದ್ದಾರೆ; ಕೆಲವರು ಸಣ್ಣವರಿಗೆ ಚೆಂಡು ಬಿಡುವುದನ್ನು ಕಲಿಸಲು ನನ್ನ ಜೊತೆ ಸಂಜೆ ಬರುತ್ತಾರೆ. ಮಗನನ್ನೋ ಮಗಳನ್ನೋ ಸೇರಿಸಬೇಕೆಂದಿರುವವರಿಗೆ ನಾನು ಹೇಳುವುದು ಇಷ್ಟು: ಏಪ್ರಿಲ್‌ನಲ್ಲಿ ಪಂದ್ಯಗಳು ಶುರುವಾಗುವವರೆಗೆ ಕಾಯದೆ ಬೇಸಿಗೆಯಲ್ಲೇ ಬನ್ನಿ, ಒಂದು ಚೆಂಡನ್ನು ಮನೆಯಲ್ಲಿ ಇಟ್ಟುಕೊಳ್ಳಿ, ಯಾವ ಡಿವಿಷನ್ ಎಂದು ಕೇಳುವ ಮೊದಲು ವಾರಕ್ಕೆ ಎಷ್ಟು ಹೊತ್ತು ಆಡಿಸುತ್ತೀರಿ ಎಂದು ಕೋಚ್‌ನನ್ನು ಕೇಳಿ.