‘ಹೊಡಿ’ ಇಟ್ಟುಕೊಂಡು ‘ರನ್’ ಕಲಿಸಿದೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಸಂಜೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ‘ರನ್ ಅಂದ್ರೆ ಓಡು’ ಎಂದು ಐದನೇ ಕ್ಲಾಸಲ್ಲಿ ಕಲಿತವರು ಹತ್ತನೇ ಕ್ಲಾಸಿಗೆ ಬಂದರೂ ‘ಅವಳ ಮೂಗು ಓಡುತ್ತಿದೆ’ ಎಂದೇ ಬರೆಯುತ್ತಾರೆ. ಪಾಠ ಮಾಡುವ ನಿಮಗೆ ಇದು ಗೊತ್ತಿರುವುದೇ.

ಮೊದಲು ಅರ್ಥಗಳ ಪಟ್ಟಿ ಮಾಡಿದೆ. ರನ್, ಸೆಟ್, ಗೆಟ್, ಟೇಕ್ ಸೇರಿ ಸುಮಾರು 40 ಪುಟ. 150 ಪ್ರತಿ ಹಾಕಿಸಿದ್ದಕ್ಕೆ ಹತ್ತಿರ ಹತ್ತಿರ 7,000 ರೂಪಾಯಿ ಹೋಯಿತು. ಮಕ್ಕಳು ಬಾಯಿಪಾಠ ಮಾಡಿದರು, ಎರಡೇ ವಾರದಲ್ಲಿ ಮರೆತರು. ಆಕ್ಸ್‌ಫರ್ಡ್ ಡಿಕ್ಷನರಿಯವರು ‘ರನ್’ ಕ್ರಿಯಾಪದಕ್ಕೇ 645 ಅರ್ಥ ಎಣಿಸಿದ್ದಾರೆ. ಅದೊಂದು ಪದಕ್ಕೆ ಅಲ್ಲಿನ ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ನನ್ನ ಪಟ್ಟಿ ಎಲ್ಲಿಗೆ ಸಾಕು? ಆಮೇಲೆ ಚಿತ್ರದ ಕಾರ್ಡು ಮಾಡಿಸಿದೆ. ಲ್ಯಾಮಿನೇಷನ್ನಿಗೆ ಇನ್ನೊಂದು ಸಾವಿರದೈನೂರು. ಚಿತ್ರ ನೆನಪಿತ್ತು, ವಾಕ್ಯ ಬರಲಿಲ್ಲ.

ದಾರಿ ಸಿಕ್ಕಿದ್ದು ಪಂಕ್ಚರ್ ಅಂಗಡಿಯಲ್ಲಿ. ‘ಗಾಳಿ ಹೊಡಿ’ ಎಂದೆ. ಪಕ್ಕದಲ್ಲಿ ಒಬ್ಬರು ಗೇಟಿಗೆ ಬಣ್ಣ ಹೊಡೆಸುವ ಮಾತಾಡುತ್ತಿದ್ದರು. ಎರಡೂ ಕಡೆ ಹೊಡಿ, ಯಾರಿಗೂ ಏಟು ಬಿದ್ದಿಲ್ಲ ಅಲ್ವಾ?

ಮರುದಿನ ಬೋರ್ಡ್ ಮೇಲೆ ‘ಹೊಡಿ’ ಎಂದಷ್ಟೇ ಬರೆದೆ. ಹರಟೆ, ಸೀಟಿ, ಬೋರ್, ಚಕ್ಕರ್, ಸಿಕ್ಸರ್, ಗಿಡಕ್ಕೆ ಔಷಧಿ... ಹತ್ತು ನಿಮಿಷದಲ್ಲಿ ಮಕ್ಕಳು ಮೂವತ್ತರ ಹತ್ತಿರ ಹೇಳಿದರು. ಯಾರೂ ಬಾಯಿಪಾಠ ಮಾಡಿರಲಿಲ್ಲ. ಪಕ್ಕದ ಪದ ನೋಡಿ ಅರ್ಥ ಹಿಡಿಯುತ್ತಿದ್ದರು. ‘ರನ್’ಗೂ ಹಾಗೇ ಮಾಡಿ ಎಂದೆ. ಪಕ್ಕದಲ್ಲಿ ಮೂಗಿದ್ದರೆ ಸೋರುತ್ತದೆ, ಅಂಗಡಿ ಇದ್ದರೆ ನಡೆಸುತ್ತಾರೆ, ಒಗೆದ ಬಟ್ಟೆಯ ಬಣ್ಣವಾದರೆ ಬಿಡುತ್ತದೆ. ಚುನಾವಣೆಗೆ ಅಮೆರಿಕದವರು ‘ರನ್’ ಅಂತಾರೆ, ಬ್ರಿಟನ್ನಿನವರು ನಮ್ಮ ಹಾಗೆ ‘ನಿಲ್ಲು’ ಅಂತಾರೆ. ಇದನ್ನು ಹೇಳಿದ ದಿನ ಕ್ಲಾಸು ಮುಗಿದರೂ ಯಾರೂ ಏಳಲಿಲ್ಲ.

‘ಇಂಗ್ಲಿಷ್ ಕ್ಲಾಸಲ್ಲಿ ಕನ್ನಡ ತಂದರೆ ಅಭ್ಯಾಸ ಕೆಡುತ್ತೆ ಸರ್’ ಎಂದು ಜೊತೆಯ ಮೇಷ್ಟ್ರೊಬ್ಬರು ಹೇಳಿದ್ದರು. ಮೊದಲು ಇಪ್ಪತ್ತು ವಾಕ್ಯಕ್ಕೆ ಆರೇಳು ಸರಿ ಬರುತ್ತಿತ್ತು. ಆರು ವಾರದ ಮೇಲೆ ಹದಿನೈದು, ಹದಿನಾರು. ದಸರಾ ರಜೆ ಕಳೆದು ಸುಮ್ನೆ ಕೇಳಿದಾಗಲೂ ಹದಿಮೂರಕ್ಕೆ ಇಳಿಯಲಿಲ್ಲ. ಈಗ ಆ ಮೇಷ್ಟ್ರ ಮಗಳೂ ನನ್ನ ಹತ್ತಿರವೇ ಬರುತ್ತಾಳೆ.

ಎಡವಿದ್ದು ‘ರನ್ ಔಟ್’ನಲ್ಲಿ. ಸಕ್ಕರೆ ಮುಗಿಯಿತು ಅನ್ನುವ ವಾಕ್ಯಕ್ಕೆ ಹುಡುಗರೆಲ್ಲ ವಿಕೆಟ್ ಬೀಳಿಸಿದ್ದರು. ‘ಔಟ್’ ಆದಮೇಲೆ ‘ಆಫ್’ (of) ಇದೆಯಾ ನೋಡಿ ಎಂದ ಮೇಲೆ ಸರಿಹೋಯಿತು. ‘ಸೆಟ್’ ಮಾತ್ರ ಬಹಳ ಸುಲಭ. ಪಂಪ್‌ಸೆಟ್, ಸೆಟ್ ದೋಸೆ, ಗಾರೆಯವರ ‘ಕಾಂಕ್ರೀಟ್ ಸೆಟ್ ಆಗ್ಲಿ’, ಅರ್ಧ ಪಾಠ ಮಕ್ಕಳು ಮನೆಯಿಂದಲೇ ತಂದಿರುತ್ತಾರೆ.

ಯಾವ ವಾಕ್ಯದ ಹಿಂದೆ ಯಾವುದು ಬರಬೇಕು ಅನ್ನುವ ಕ್ರಮ ನನ್ನದೇ ಒಂದಿದೆ. ಅದಕ್ಕೆ ಎರಡು ವರ್ಷ ಹಾಕಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಸದ್ಯ ‘ಗೆಟ್’ ಹಿಡಿದಿದ್ದೇನೆ. ಅದಕ್ಕೆ ‘ಹೊಡಿ’ ಸಾಲುತ್ತಿಲ್ಲ, ಈ ವಾರ ‘ಆಗು’ ಹಾಕಿ ನೋಡುತ್ತಿದ್ದೇನೆ.